ಪೊಪೊ ಮನೆಯ ಮಣಿ ಚೌಕಟ್ಟು

ನಮ್ಮ ಮನೆಯ ನಡುಮನೆ ಗಾಜಿನ ಬೀರುವಿನಲ್ಲಿ ಎರಡು ಹಳೆಯ ವಸ್ತುಗಳು ಅಕ್ಕಪಕ್ಕ ಕೂತಿವೆ. ಒಂದು, ನನ್ನ ಅತ್ತೆಯವರ ಕಾಲದ ಹಿತ್ತಾಳೆ ಸೇರು. ಸಾಗರದ ಮನೆಯಲ್ಲಿ ಅಕ್ಕಿ ಅಳೆದೂ ಅಳೆದೂ ಅದರ ಬಾಯಿ ಸವೆದಿದೆ. ಇನ್ನೊಂದು, ಕಪ್ಪು ಮರದ ಒಂದು ಚೌಕಟ್ಟು. ಉದ್ದ ಒಂದು ಮೊಳ, ಅಗಲ ಒಂದು ಗೇಣು. ಅದರೊಳಗೆ 13 ಬಿದಿರು ಕಡ್ಡಿ, ಒಂದೊಂದು ಕಡ್ಡಿಗೆ 7 ಮರದ ಮಣಿ. ಅಡ್ಡಲಾಗಿ ಒಂದು ಪಟ್ಟಿ. ಪಟ್ಟಿಯ ಮೇಲೆ ಎರಡೆರಡು ಮಣಿ, ಕೆಳಗೆ ಐದೈದು.

ಮಣಿಗಳೆಲ್ಲ ಕಪ್ಪು. ಬೆರಳು ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ಆದರೆ ಬಲಗಡೆಯಿಂದ ನಾಲ್ಕನೇ ಕಡ್ಡಿಯಲ್ಲಿ ಒಂದು ಮಣಿ ಮಾತ್ರ ತಿಳಿಹಳದಿ, ಸ್ವಲ್ಪ ಸೊಟ್ಟ. ಆ ಸೊಟ್ಟ ಮಣಿಯ ಕಥೆ ತಿಳಿಯಲು ನನಗೆ ಹದಿಮೂರು ವರ್ಷ ಬೇಕಾಯಿತು.

ಈ ಚೌಕಟ್ಟು ನಮ್ಮ ಮನೆಗೆ ಬಂದದ್ದು ಸೊಸೆಯ ಜೊತೆ. 2011ರಲ್ಲಿ ಮಗ ಬೆಂಗಳೂರಿನ ತನ್ನ ಆಫೀಸಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದ. ಹುಡುಗಿ ಕಲ್ಕತ್ತೆಯವಳು ಎಂದಾಗ ಬಂಗಾಳಿ ಎಂದುಕೊಂಡೆ. "ಅಲ್ಲಮ್ಮ, ಚೀನೀ ಮನೆತನ. ಆದರೆ ನಾಲ್ಕು ತಲೆಮಾರಿಂದ ಇಲ್ಲಿಯವರೇ" ಎಂದ. ನಾನು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಟ್ಟರೆ ಮುಂದಿನ ಮಾತಿಗೆ ಅರ್ಥವಿರುವುದಿಲ್ಲ.

ಬೆಂಗಳೂರಲ್ಲಿ ಧಾರೆ ಮುಗಿಸಿ ಕಲ್ಕತ್ತೆಗೆ ಹೋದೆವು. ಅಲ್ಲಿ ಚಹಾ ಕೊಡುವ ಶಾಸ್ತ್ರ. ಮದುಮಕ್ಕಳು ಮಂಡಿಯೂರಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಹಿರಿಯರಿಗೆ ಒಬ್ಬೊಬ್ಬರಿಗಾಗಿ ಚಹಾ ಕೊಡಬೇಕು. ಕುಡಿದವರು ಕೆಂಪು ಲಕೋಟೆಯಲ್ಲಿ ದುಡ್ಡಿಟ್ಟು ಹರಸುತ್ತಾರೆ. ನಮ್ಮ ಮುಯ್ಯಿ ಇದ್ದ ಹಾಗೆ. ನನಗೂ ಒಂದು ಬಟ್ಟಲು ಬಂತು, ಹಾಲಿಲ್ಲ, ಸಕ್ಕರೆಯಿಲ್ಲ. ಮುಖ ಕಿವುಚದೆ ಕುಡಿದೆ. ಕೊನೆಗೆ ಬೀಗಿತ್ತಿ ಎದ್ದು, ಕೆಂಪು ಬಟ್ಟೆಯಲ್ಲಿ ಸುತ್ತಿದ ಈ ಚೌಕಟ್ಟನ್ನು ಮಗಳ ಮಡಿಲಿಗೆ ಹಾಕಿದರು. ಚಿನ್ನದ ಒಡವೆ ಇರಬೇಕೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದ ನಮ್ಮ ಕಡೆಯವರಿಗೆಲ್ಲ ಆಶ್ಚರ್ಯ.

ನನಗೆ ಮಾತ್ರ ಒಳಗೊಳಗೇ ಖುಷಿ. ನಾನು ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಲೆಕ್ಕ ಮಾಡುವ ಸಾಧನವನ್ನು ಬಳುವಳಿಯಾಗಿ ಕೊಡುವ ಮನೆ ಕೆಟ್ಟ ಮನೆ ಆಗಿರಲಾರದು ಅನಿಸಿತು!

ಅದರ ಹೆಸರು ಮ್ಯಾಂಡರಿನ್ ಭಾಷೆಯಲ್ಲಿ ಸುವಾನ್ ಪಾನ್. ಸುವಾನ್ ಎಂದರೆ ಲೆಕ್ಕ, ಪಾನ್ ಎಂದರೆ ತಟ್ಟೆ. ಬೀಗರ ಮನೆಯಲ್ಲಿ ಆಡುವುದು ಕ್ಯಾಂಟನೀಸ್, ಅವರು ಸ್ಯೂನ್ ಪೂನ್ ಎನ್ನುತ್ತಾರೆ. ಹುಟ್ಟಿದ ಮೊಮ್ಮಗಳು ಬೀಗಿತ್ತಿಯನ್ನು ಪೊಪೊ ಎಂದು ಕರೆಯತೊಡಗಿದಳು. ಅವರ ಭಾಷೆಯಲ್ಲಿ ತಾಯಿಯ ತಾಯಿಗೆ ಹಾಗೆ ಹೇಳುವುದು. ನಮಗೂ ಅದೇ ಬಾಯಿಗೆ ಬಂತು.

ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಜನ ಶನಿವಾರ ಭಾನುವಾರ ಅಬಾಕಸ್ ಕ್ಲಾಸಿಗೆ ಹೋಗುತ್ತೀರಿ. ನಮ್ಮ ಪುಟ್ಟಿಯೂ ಹೋಗುತ್ತಿದ್ದಳು. ಅವಳು ಎಂಟು ವರ್ಷದವಳಿದ್ದಾಗ ಒಂದು ದಿನ ಬಂದು ದೂರು ಹೇಳಿದಳು. "ಅಜ್ಜಿ, ಪೊಪೊದು ತಪ್ಪು ಅಬಾಕಸ್. ನಮ್ಮದರಲ್ಲಿ ಮೇಲೆ ಒಂದೇ ಮಣಿ, ಕೆಳಗೆ ನಾಲ್ಕೇ. ಇದರಲ್ಲಿ ಯಾಕೆ ಎಕ್ಸ್‌ಟ್ರಾ ಇದೆ?"

ಪ್ರಶ್ನೆ ಸರಿಯಾಗಿತ್ತು. ಮೇಲಿನ ಒಂದು ಮಣಿಗೆ 5ರ ಬೆಲೆ, ಕೆಳಗಿನ ಒಂದಕ್ಕೆ 1ರ ಬೆಲೆ. ನಡುವಿನ ಪಟ್ಟಿಗೆ ತಾಗಿಸಿದ ಮಣಿಗೆ ಮಾತ್ರ ಬೆಲೆ, ದೂರ ನಿಂತದ್ದಕ್ಕೆ ಇಲ್ಲ. ಮೇಲಿನದೊಂದು, ಕೆಳಗಿನವೆರಡು ಪಟ್ಟಿಗೆ ತಂದರೆ 7. ಒಂದು ಕಡ್ಡಿಯಲ್ಲಿ 0ರಿಂದ 9ರವರೆಗೆ ತೋರಿಸಲು ಮೇಲೊಂದು, ಕೆಳಗೆ ನಾಲ್ಕು ಸಾಕು. ಚೀನಾದಿಂದ ಈ ಚೌಕಟ್ಟನ್ನು ಕಲಿತ ಜಪಾನಿನವರು ಹಾಗೆಯೇ ಮಣಿ ಕಡಿಮೆ ಮಾಡಿಕೊಂಡರು. ಅವರದಕ್ಕೆ ಸೊರೊಬಾನ್ ಎಂದು ಹೆಸರು. ನಿಮ್ಮ ಕ್ಲಾಸಿನಲ್ಲಿರುವುದು ಆ ಬಗೆಯದು. ಹಾಗಾದರೆ ಚೀನೀಯರು ಎರಡು ಮಣಿ ಹೆಚ್ಚಿಗೆ ಏಕೆ ಇಟ್ಟುಕೊಂಡಿದ್ದರು?

ನನಗೂ ಗೊತ್ತಿರಲಿಲ್ಲ. ಪೊಪೊಗೆ ಫೋನ್ ಮಾಡಿದೆವು. ಅವರು ನಕ್ಕು ಕೇಳಿದರು, "ದೀದಿ, ರೂಪಾಯಿಗೆ ಎಷ್ಟು ಆಣೆ?"

ತಾತ ಅಜ್ಜಿಯರಿಗೆ ಹೇಳಬೇಕಾಗಿಲ್ಲ. ಹದಿನಾರು! ಮೇಲಿನ ಎರಡೂ ಮಣಿ ಪಟ್ಟಿಗೆ ತಂದರೆ 10, ಕೆಳಗಿನ ಐದೂ ತಂದರೆ 5. ಒಟ್ಟು 15. ಅಂದರೆ ಒಂದೇ ಕಡ್ಡಿಯಲ್ಲಿ ಹದಿನೈದಾಣೆಯವರೆಗೆ ಹಿಡಿಸುತ್ತದೆ. ಹದಿನಾರಾದ ಕೂಡಲೆ ಅದನ್ನು ಖಾಲಿ ಮಾಡಿ ಎಡಗಡೆಯ ಕಡ್ಡಿಗೆ ಒಂದು ರೂಪಾಯಿ ಏರಿಸಿದರೆ ಆಯಿತು. ಚೀನಾದಲ್ಲಿ ಆಣೆ ಇರಲಿಲ್ಲ, ಆದರೆ ಅವರ ತೂಕವೂ ಹದಿನಾರರದೇ. 16 ಲಿಯಾಂಗ್ ಸೇರಿದರೆ ಒಂದು ಜಿನ್. ಅಂಗಡಿಯವನಿಗೆ ಹೆಚ್ಚಿನ ಮಣಿ ಒದಗುತ್ತಿದ್ದುದು ಅಲ್ಲಿ. ಗುಣಾಕಾರ ಭಾಗಾಕಾರ ಮಾಡುವಾಗ ನಡುವಿನ ಮೊತ್ತ ಹಿಡಿದಿಡಲೂ ಅವು ಬೇಕಾಗುತ್ತಿದ್ದವಂತೆ. ಆ ದೇಶದಿಂದ ಈ ಚೌಕಟ್ಟನ್ನು ಹೊತ್ತು ತಂದವರಿಗೆ ನಮ್ಮ ದೇಶದ ರೂಪಾಯಿಗೆ 16 ಆಣೆ, ಸೇರಿಗೆ 16 ಛಟಾಕು ಎಂದು ತಿಳಿದಾಗ ಎಷ್ಟು ನಿರಾಳವಾಗಿರಬೇಕು, ನೀವೇ ಯೋಚಿಸಿ.

ಒಂದು ಲೆಕ್ಕ ಮಾಡಿ ನೋಡೋಣ. ಹನ್ನೊಂದಾಣೆಗೆ ಒಂಬತ್ತಾಣೆ ಕೂಡಬೇಕು. ಕಡ್ಡಿಯಲ್ಲಿ 11 ಇದೆ: ಮೇಲಿನವು ಎರಡು, ಕೆಳಗಿನದು ಒಂದು. ಒಂಬತ್ತು ಕೂಡಲು ಜಾಗವಿಲ್ಲ. ಆದ್ದರಿಂದ ಎಡಗಡೆಯ ಕಡ್ಡಿಗೆ ಒಂದು ರೂಪಾಯಿ ಏರಿಸಿ, ಈ ಕಡ್ಡಿಯಿಂದ 7 ಕಳೆಯಿರಿ. ಏಕೆಂದರೆ 16ರಲ್ಲಿ 9 ಹೋದರೆ 7. ಮೇಲಿನ ಎರಡನ್ನೂ ದೂರ ಸರಿಸಿ, ಕೆಳಗಿನ ಮೂರನ್ನು ಒಳಗೆ ತನ್ನಿ. ಉಳಿದದ್ದು 4. ಒಂದು ರೂಪಾಯಿ ನಾಲ್ಕಾಣೆ! ಪುಟ್ಟಿ ಇದನ್ನು ಒಂದೇ ಸಂಜೆಯಲ್ಲಿ ಕಲಿತಳು. ಬಾಯಿಲೆಕ್ಕದಲ್ಲಿ ನಾನೇ ಗೆದ್ದೆ, ಅದು ಬೇರೆ ಮಾತು. ಚೀನಾದ ಮಕ್ಕಳಿಗೂ ಮಗ್ಗಿ ಉಂಟು. ಅದಕ್ಕೆ ಒಂಬತ್ತೊಂಬತ್ತು ಎಂದೇ ಹೆಸರು. ಹಳೆಯ ಕಾಲದಲ್ಲಿ 9×9 ಎಂದು ಮೇಲಿನಿಂದ ಶುರು ಮಾಡಿ ಇಳಿಯುತ್ತಿದ್ದರಂತೆ. ನಾವು ಇಪ್ಪತ್ತರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಮಾಡಿದವರು, ಆ ಹೆಮ್ಮೆಯನ್ನು ನಾನೇಕೆ ಬಿಡಲಿ?

ಹದಿನಾರೇ ಏಕೆ ಎಂಬುದಕ್ಕೂ ಪೊಪೊ ಬಳಿ ಒಂದು ಕಥೆಯಿತ್ತು. ಚೀನಾದ ಹಳೆಯ ತಕ್ಕಡಿಗೆ ಒಂದೇ ತಟ್ಟೆ. ಉದ್ದನೆಯ ಕೋಲಿನ ಮೇಲೆ ಚುಕ್ಕಿ ಚುಕ್ಕಿ ಗುರುತು. ಆ ಚುಕ್ಕಿಗಳಿಗೆ ಅವರು ನಕ್ಷತ್ರ ಎನ್ನುತ್ತಾರೆ. ಉತ್ತರದ ಸಪ್ತರ್ಷಿ ಮಂಡಲದ್ದು ಏಳು, ದಕ್ಷಿಣದ ಇನ್ನೊಂದು ಪುಂಜದ್ದು ಆರು, ಉಳಿದ ಮೂರು ಭಾಗ್ಯ, ಪದವಿ, ಆಯುಸ್ಸು. ವ್ಯಾಪಾರಿ ಒಂದು ಲಿಯಾಂಗ್ ಕಡಿಮೆ ತೂಗಿದರೆ ಅವನ ಭಾಗ್ಯ ಹೋಯಿತು. ಎರಡು ಕಡಿಮೆಯಾದರೆ ಪದವಿಯೂ ಹೋಯಿತು. ಮೂರಾದರೆ ಆಯುಸ್ಸೇ! ಪುಟ್ಟಿ ಮಾರನೆಯ ದಿನ ತರಕಾರಿ ಗಾಡಿಯವರಿಗೆ ಇದನ್ನು ಹೇಳಿದಳು. ಅವರು ನಗುತ್ತ ಎರಡು ಬೀನ್ಸ್ ಹೆಚ್ಚಿಗೆ ಹಾಕಿದರು.

ಈಗ ಎರಡೂ ದೇಶದಲ್ಲಿ ಹದಿನಾರರ ಲೆಕ್ಕ ಮುಗಿದಿದೆ. ನಮ್ಮಲ್ಲಿ 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಚೀನಾದಲ್ಲಿ 1959ರಲ್ಲಿ ಒಂದು ಜಿನ್‌ಗೆ 10 ಲಿಯಾಂಗ್ ಎಂದಾಯಿತು. ಚೌಕಟ್ಟು ಮಾತ್ರ ಉಳಿಯಿತು. ಚೆಂಗ್ ದಾವೇ ಎಂಬ ಗಣಿತಜ್ಞರು 1592ರಲ್ಲಿ ಇದರ ಮೇಲೆ ಲೆಕ್ಕ ಮಾಡುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದರು. 2013ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇಷ್ಟು ದೂರದ ವಸ್ತು ಕಲ್ಕತ್ತೆಗೆ ಹೇಗೆ ಬಂತು? ಚೀನೀಯರು ಅಲ್ಲಿಗೆ ಬರತೊಡಗಿ ಇನ್ನೂರು ವರ್ಷ ದಾಟಿದೆ. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದಾಗ ಅಚೂ ಎಂಬ ವ್ಯಾಪಾರಿ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಕಬ್ಬು ಬೆಳೆಸಿ ಸಕ್ಕರೆ ಮಾಡಿಸಿದ. ಅವನ ಹೆಸರಿನ ಅಚಿಪುರ ಇಂದಿಗೂ ಇದೆ. ಚೀನೀ ಹೊಸ ವರ್ಷಕ್ಕೆ ಕಲ್ಕತ್ತೆಯ ಚೀನೀ ಮನೆಗಳವರು ಅಲ್ಲಿನ ಗುಡಿಗೆ ಹೋಗಿ ಬರುತ್ತಾರೆ. ಆಮೇಲೆ ಬೇರೆ ಬೇರೆ ಕಡೆಯವರು ಬಂದರು. ಹಕ್ಕಾ ಜನ ಚರ್ಮ ಹದ ಮಾಡಿ ಪಾದರಕ್ಷೆ ಹೊಲಿದರು, ಹುಬೇ ಪ್ರಾಂತದವರು ಹಲ್ಲಿನ ವೈದ್ಯರಾದರು, ಕ್ಯಾಂಟನ್ ಕಡೆಯವರು ಬಡಗಿಗಳು. ಪೊಪೊ ಅವರ ತಾತ ಹೀಗೆ ಬಂದ ಒಬ್ಬ ಬಡಗಿ. ಉಳಿ, ಬಾಚಿ, ಈ ಚೌಕಟ್ಟು, ಒಂದು ಟ್ರಂಕು. ಇಷ್ಟೇ ಆಸ್ತಿ.

ಅವರು ಕಲ್ಕತ್ತೆಯಲ್ಲಿ ನಿಲ್ಲದೆ ಮೇಲಿನ ಅಸ್ಸಾಮಿಗೆ, ತಿನ್‌ಸುಕಿಯಾ ಹತ್ತಿರದ ಮಾಕುಮ್ ಎಂಬ ಊರಿಗೆ ಹೋದರು. ಅಸ್ಸಾಮಿನಲ್ಲಿ ಚಹಾ ತೋಟ ಶುರುವಾದ 1830ರ ದಶಕದಲ್ಲೇ ಬ್ರಿಟಿಷರು ಚಹಾ ಬಲ್ಲ ಚೀನೀಯರನ್ನು ಅಲ್ಲಿಗೆ ಕರೆಸಿದ್ದರು. ಹೀಗಾಗಿ ಮಾಕುಮ್‌ನಲ್ಲಿ ಒಂದು ಚೀನೀ ಕೇರಿಯೇ ಇತ್ತು. ಮನೆಯ ಹಿಂದೆ ಬಡಗಿ ಕೆಲಸ, ಮುಂದೆ ಕಿರಾಣಿ ಅಂಗಡಿ. ಅಂಗಡಿಯ ಗಲ್ಲಾದ ಮೇಲೆ ಸುವಾನ್ ಪಾನ್. ಪೊಪೊ ಹುಟ್ಟಿದ್ದು ಅಲ್ಲಿ, 1950ರಲ್ಲಿ. ನಾನೂ ಅದೇ ವರ್ಷದವಳು.

ಇಷ್ಟೆಲ್ಲ ಹೇಳುತ್ತಿದ್ದ ಪೊಪೊ ಮಾಕುಮ್ ಬಿಟ್ಟು ಕಲ್ಕತ್ತೆಗೆ ಏಕೆ ಬಂದಿರಿ ಎಂದರೆ ಮಾತು ಬದಲಿಸುತ್ತಿದ್ದರು. ಹಳದಿ ಮಣಿಯ ಬಗ್ಗೆ ಕೇಳಿದರೂ ಅಷ್ಟೇ. "ಹಳೆಯದು ಅಲ್ವಾ, ಕಳೆದಿತ್ತು." ಸೊಸೆಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಕಳೆದ ವರ್ಷ ಪುಟ್ಟಿ ಐದನೇ ತರಗತಿಯಲ್ಲಿದ್ದಳು. ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ, ಮನೆಯಿಂದ ಒಂದು ತನ್ನಿ ಎಂದಿದ್ದರು. ಸುವಾನ್ ಪಾನ್ ಒಯ್ಯುತ್ತಾಳೆ ಎಂದು ನಾನು ಒರೆಸಿ ಇಟ್ಟಿದ್ದೆ. ಅವಳು ಸೇರನ್ನು ಚೀಲಕ್ಕೆ ಹಾಕಿಕೊಂಡಳು.

"ಯಾಕೆ ಪುಟ್ಟಿ, ಇದು ಬೇಡವಾ?"

"ಬೇಡ."

ಎರಡು ಸಲ ಕೇಳಿದ ಮೇಲೆ ಕಣ್ಣು ತುಂಬಿತು. ತರಗತಿಯ ಒಬ್ಬ ಹುಡುಗ ಅವಳನ್ನು 'ಚೈನಾ ಮಾಲ್' ಎಂದು ಕರೆಯುತ್ತಾನಂತೆ. "ಚೈನಾ ಮಾಲ್ ಬೇಗ ಕೆಟ್ಟೋಗುತ್ತೆ, ಮುಟ್ಟಬೇಡಿ ಅಂತಾನೆ ಅಜ್ಜಿ. ಎಲ್ಲರೂ ನಗ್ತಾರೆ. ಇದನ್ನ ತಗೊಂಡೋದ್ರೆ ಇನ್ನೂ ನಗ್ತಾರೆ."

ಟೀಚರಾಗಿದ್ದ ನನಗೇ ಏನು ಹೇಳಬೇಕೆಂದು ತೋಚಲಿಲ್ಲ. ನಮ್ಮ ಸಾಗರದ ಕಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ, ಹಿಂದಿಯಲ್ಲಿ ಸಕ್ಕರೆಗೆ ಚೀನಿ ಎನ್ನುತ್ತಾರೆ, ಅವನ ಮನೆಯಲ್ಲೂ ಚೀನಿ ತಿನ್ನುತ್ತಾರಲ್ಲ ಎಂದೆಲ್ಲ ಹೇಳಿ ನಗಿಸಲು ನೋಡಿದೆ. ನಗಲಿಲ್ಲ. ಮಗ ಶಾಲೆಗೆ ಹೋಗಿ ಮಾತಾಡುತ್ತೇನೆ ಎಂದ. ಸೊಸೆ ಸುಮ್ಮನೆ ಕೂತಿದ್ದಳು. ಕೊನೆಗೆ ಅವಳೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಮಗಳ ಕೈಗೆ ಕೊಟ್ಟಳು.

ಪೊಪೊ ಎಲ್ಲ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ, "ಆ ಹಳದಿ ಮಣಿ ತೋರಿಸು" ಎಂದರು. ಪುಟ್ಟಿ ಚೌಕಟ್ಟನ್ನು ಫೋನಿನ ಮುಂದೆ ಹಿಡಿದಳು.

"ಅದನ್ನು ಮುರಿದವಳು ನಾನೇ" ಎಂದರು ಪೊಪೊ.

1962ರ ಅಕ್ಟೋಬರ್ 20ರಂದು ಗಡಿಯಲ್ಲಿ ಭಾರತ ಚೀನಾ ಯುದ್ಧ ಶುರುವಾಯಿತು. ನವೆಂಬರಿನಲ್ಲಿ ಒಂದು ದಿನ ಮಾಕುಮ್‌ನ ಚೀನೀ ಕೇರಿಗೆ ಪೊಲೀಸರು ಬಂದರು. ಬೇಗ ಹೊರಡಿ, ಕೈಗೆ ಸಿಕ್ಕಷ್ಟು ಬಟ್ಟೆ ತೆಗೆದುಕೊಳ್ಳಿ ಎಂದರು. ಪೊಪೊ ಅವರ ಅಪ್ಪ ಗಲ್ಲಾದ ಮೇಲಿದ್ದ ಸುವಾನ್ ಪಾನ್ ಅನ್ನು ಕಂಬಳಿಯೊಳಗೆ ಸುತ್ತಿಕೊಂಡರು. ಅನ್ನ ಒಲೆಯ ಮೇಲೇ ಇತ್ತು. ದಿನಗಟ್ಟಲೆ ರೈಲು. ಇಳಿದದ್ದು ದೇಶದ ಇನ್ನೊಂದು ತುದಿಯ ರಾಜಸ್ಥಾನದಲ್ಲಿ. ಅಲ್ಲಿನ ದೇವ್ಲಿ ಎಂಬಲ್ಲಿ ಮುಳ್ಳುತಂತಿಯ ಬೇಲಿಯ ಶಿಬಿರ. ಅಸ್ಸಾಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಗಳಿಂದ ಸುಮಾರು ಮೂರು ಸಾವಿರ ಜನರನ್ನು ಅಲ್ಲಿ ಇಟ್ಟಿದ್ದರು. ಮುದುಕರು, ಬಸುರಿಯರು, ಮಕ್ಕಳು. ಯಾರೂ ಯುದ್ಧ ಮಾಡಿದವರಲ್ಲ. ಎಷ್ಟೋ ಜನ ಚೀನಾವನ್ನು ಕಣ್ಣಲ್ಲೂ ಕಂಡವರಲ್ಲ. ಯುದ್ಧ ಒಂದು ತಿಂಗಳಲ್ಲಿ ನಿಂತಿತು, ಶಿಬಿರ ನಿಲ್ಲಲಿಲ್ಲ. ಕೊನೆಯವರು ಹೊರಗೆ ಬಂದದ್ದು 1967ರಲ್ಲಿ.

"ಆಟದ ಸಾಮಾನು ಏನೂ ಇರಲಿಲ್ಲ ನೋಡು" ಎಂದರು ಪೊಪೊ. "ನಾನು, ನನ್ನ ತಮ್ಮ ಸುವಾನ್ ಪಾನ್ ಅನ್ನು ನೆಲದ ಮೇಲಿಟ್ಟು ಗಾಡಿ ಮಾಡಿದೆವು. ಮಣಿಗಳೇ ಚಕ್ರ. ತಮ್ಮನನ್ನು ಮೇಲೆ ಕೂರಿಸಿ ಎಳೆದೆ. ಕಡ್ಡಿ ಲಟ್ ಅಂತು. ಆರು ಮಣಿ ಸಿಕ್ಕಿತು, ಏಳನೆಯದು ಮರಳಲ್ಲಿ ಎಲ್ಲಿ ಹೋಯಿತೋ."

"ಅಪ್ಪ ಹೊಡೆದ್ರಾ?"

"ಇಲ್ಲ. ಅದಕ್ಕೇ ಹೆದರಿಕೆ ಹೆಚ್ಚಾಯಿತು. ಅಪ್ಪನ ಉಳಿ, ಬಾಚಿ ಎಲ್ಲ ಮಾಕುಮ್‌ನಲ್ಲೇ ಉಳಿದಿತ್ತು. ಊಟದ ಚಮಚದ ಹಿಡಿಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿದರು. ಬೇವಿನ ಕೊಂಬೆಯ ಚೂರು ಹಿಡಿದು ದಿನಾ ಸ್ವಲ್ಪ ಸ್ವಲ್ಪ ಕೆತ್ತಿದರು. ಎಷ್ಟು ದಿನವೋ ಲೆಕ್ಕವಿಲ್ಲ. ಬಿಸಿ ತಂತಿಯಿಂದ ತೂತು ಕೊರೆದರು. ಮಣಿ ಸೇರಿಸಿದ ದಿನ ನಮ್ಮಿಬ್ಬರನ್ನೂ ಕೂರಿಸಿ ಲೆಕ್ಕ ಶುರು ಮಾಡಿದರು. ಆಮೇಲೆ ಸುತ್ತಲಿನ ಮಕ್ಕಳೂ ಬಂದರು. ಶಾಲೆ ಇರಲಿಲ್ಲವಲ್ಲ."

1963ರಲ್ಲಿ ಮದ್ರಾಸಿಗೆ ಹಡಗು ಬಂದು ಶಿಬಿರದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಚೀನಾಕ್ಕೆ ಒಯ್ದಿತು. ಪೊಪೊ ಅವರ ದೊಡ್ಡಪ್ಪನ ಮನೆಯವರು ಆ ಹಡಗು ಹತ್ತಿದರು. ಮತ್ತೆ ನೋಡಿದ್ದಿಲ್ಲ. ಇವರ ಅಪ್ಪ, ನಾನು ಹುಟ್ಟಿದ್ದು ಇಲ್ಲಿ, ಹೋಗುವುದೆಲ್ಲಿಗೆ ಎಂದು ಉಳಿದರು. ಬಿಡುಗಡೆಯಾಗಿ ಮಾಕುಮ್‌ಗೆ ಹೋದರೆ ಮನೆಯಲ್ಲಿ ಬೇರೆ ಯಾರೋ ಇದ್ದರು. ಹಾಗೆ ಕಲ್ಕತ್ತೆ.

ನಾನು ಸೊಸೆಯ ಮುಖ ನೋಡಿದೆ. ಅವಳಿಗೂ ಇದೆಲ್ಲ ಮೊದಲ ಸಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1962ರ ನವೆಂಬರ್ ನನಗೂ ನೆನಪಿದೆ. ಸಾಗರದಲ್ಲಿ ನಮ್ಮ ಶಾಲೆಯ ಮಕ್ಕಳೆಲ್ಲ ಬಾವುಟ ಹಿಡಿದು ಮೆರವಣಿಗೆ ಹೋಗಿದ್ದೆವು. ಚೀನಾಕ್ಕೆ ಧಿಕ್ಕಾರ ಎಂದು ಗಂಟಲು ಬೀಳುವಂತೆ ಕೂಗಿದ್ದೆ. ನಮ್ಮಮ್ಮ ಒಂದು ಚಿನ್ನದ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟಿದ್ದರು. ನಾನು ಜಾತ್ರೆಗೆಂದು ಕೂಡಿಟ್ಟಿದ್ದ ನಾಲ್ಕಾಣೆ ಕೊಟ್ಟಿದ್ದೆ. ಗಡಿಯಲ್ಲಿ ನಮ್ಮ ಸೈನಿಕರು ಚಳಿಯಲ್ಲಿ ಸಾಯುತ್ತಿದ್ದರು. ಕೊಟ್ಟದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಆದರೆ ನಾನು ಕೂಗುತ್ತಿದ್ದ ಆ ವಾರಗಳಲ್ಲೇ ನನ್ನದೇ ವಯಸ್ಸಿನ ಒಂದು ಹುಡುಗಿ ಕಂಬಳಿ ಗಂಟು ಹಿಡಿದು ರೈಲಿನಲ್ಲಿ ಕೂತಿದ್ದಳು. ಮಗ ಮದುವೆ ಮಾತು ಎತ್ತಿದಾಗ ನಾನು ಒಂದು ವಾರ ಮುಖ ತಿರುಗಿಸಿದ್ದು ಆ ಮೆರವಣಿಗೆಯ ಕೂಗಿನಿಂದಲೇ ಇರಬೇಕು.

ಬೆಳಿಗ್ಗೆ ಎದ್ದು ಪೊಪೊಗೆ ಫೋನ್ ಮಾಡಿ ಇದನ್ನು ಹೇಳಿದೆ. ನನ್ನ ಹರಕು ಹಿಂದಿಯಲ್ಲಿ ಎಷ್ಟು ತಲುಪಿತೋ. "ನಾಲ್ಕಾಣೆಯಾ ದೀದಿ?" ಎಂದರು. "ಮಾಕುಮ್‌ನಲ್ಲಿ ನಮ್ಮ ಶಾಲೆಯಲ್ಲೂ ನಿಧಿ ಎತ್ತಿದ್ದರು. ನಾನು ಎರಡಾಣೆ ಕೊಟ್ಟಿದ್ದೆ. ಒಟ್ಟು ಎಷ್ಟಾಯಿತು?" ಇಬ್ಬರೂ ನಕ್ಕೆವು. ಆಮೇಲೆ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆ ಕಡೆ ಅವರು ಏನು ಮಾಡಿದರೋ, ಅದು ವಿಡಿಯೋ ಕಾಲ್ ಆಗಿರಲಿಲ್ಲ.

ಪುಟ್ಟಿ ಏನು ಮಾಡಿದಳು? ಯಾರೂ ಏನೂ ಹೇಳದೆಯೇ ಸೇರಿನ ಜೊತೆಗೆ ಸುವಾನ್ ಪಾನ್ ಅನ್ನೂ ಒಯ್ದಳು. ನಾನು ಕೆಂಪು ಬಟ್ಟೆ ಸುತ್ತಿ ಕೊಟ್ಟೆ. ಪ್ರದರ್ಶನದ ಮೇಜಿನ ಮುಂದೆ ನಿಂತು ಹನ್ನೊಂದಾಣೆಗೆ ಒಂಬತ್ತಾಣೆ ಕೂಡುವುದನ್ನು ತೋರಿಸಿದಳಂತೆ. ಆಣೆ ಎಂದರೇನು ಎಂದು ಕೇಳಿದವರೇ ಹೆಚ್ಚು. ಯಾರದೋ ತಾತ ಒಬ್ಬರು ಕಾಲು ಗಂಟೆ ಅಲ್ಲೇ ನಿಂತು, ಹಳೆಯ ಆಣೆ ಪೈಸೆ ಲೆಕ್ಕಗಳನ್ನು ಒಂದರ ಮೇಲೊಂದು ಕೇಳಿ, ಅವಳು ತಡವರಿಸಿದಾಗ ತಾವೇ ಬಾಯಲ್ಲಿ ಉತ್ತರ ಹೇಳಿ, ಖುಷಿಯಾಗಿ ಹೋದರಂತೆ.

'ಚೈನಾ ಮಾಲ್' ಎನ್ನುತ್ತಿದ್ದ ಹುಡುಗನೂ ಬಂದಿದ್ದ. ಹಳದಿ ಮಣಿ ಯಾಕೆ ಬೇರೆ ಥರ ಇದೆ ಎಂದು ಕೇಳಿದ. ಅವಳು ಹೇಳಿದಳು, ಗಾಡಿಯ ಕಥೆ, ಚಮಚದ ಕಥೆ ಎಲ್ಲ. "ಜೈಲಲ್ಲಿ ಮಾಡಿದ್ದಾ?" ಎಂದು ಅವನು ಕಣ್ಣರಳಿಸಿ, ಮುಟ್ಟಬಹುದಾ ಎಂದನಂತೆ.

"ಮುಟ್ಟಲು ಬಿಟ್ಟೆಯಾ?" ಎಂದು ಕೇಳಿದೆ.

"ಬಿಟ್ಟೆ. ಆದ್ರೆ ಒಂದೇ ಬೆರಳಲ್ಲಿ."

ಮನೆಗೆ ಬಂದವಳು ಶೂ ಕೂಡ ಬಿಚ್ಚದೆ ನೆಲದ ಮೇಲೆ ಕೂತು, ಕೆಂಪು ಬಟ್ಟೆ ಬಿಡಿಸಿ, ಕಡ್ಡಿ ಕಡ್ಡಿಯಾಗಿ ಮಣಿ ಎಣಿಸಿದಳು. ಹದಿಮೂರೇಳಲೆ ತೊಂಬತ್ತೊಂದು. ಎಲ್ಲವೂ ಇದ್ದವು.